ಸುಧೆ ಮತ್ತು ಸೌಧ: ಘಟ್ಟದ ಸೀಮೆಯ ಕಟ್ಟಡಗಳಲ್ಲಿ ಸುಣ್ಣದ ಗಾರೆ

ಜಿನಾಲಯವೊಂದರ ಪ್ರತಿಷ್ಠಾ ಮಹೋತ್ಸವದ ಶುಭಸಂದರ್ಭದಲ್ಲಿ ಬಿಂಬದ ಲಕ್ಷಣ, ಶಾಸನದ ಸಾಕ್ಷ್ಯ, ದಾನಿಗಳ ವಂಶ, ಗುರುಪರಂಪರೆ ಇವುಗಳ ಸ್ಮರಣೆ ನಡೆಯುವುದು ವಾಡಿಕೆ. ಆದರೆ ಕಲ್ಲಿಗೆ ಕಲ್ಲನ್ನು ಬೆಸೆದು, ಶತಮಾನಗಳ ಮಳೆಯನ್ನು ತಡೆದು, ಬಿಂಬಕ್ಕೆ ನೆಲೆಯನ್ನೂ ಭಕ್ತರಿಗೆ ನೆರಳನ್ನೂ ಒದಗಿಸಿದ ಸುಣ್ಣದ ಗಾರೆಯನ್ನು ನೆನೆಯುವವರು ವಿರಳ. ಹಳೆಯ ಬಸದಿಗಳ ಜೀರ್ಣೋದ್ಧಾರವು ನಾಡಿನ ಉದ್ದಗಲಕ್ಕೂ ನಡೆಯುತ್ತಿರುವ ಈ ಕಾಲದಲ್ಲಿ ಆ ಸಾಮಾನ್ಯ ವಸ್ತುವಿನ ಚರಿತ್ರೆಯನ್ನೂ ಗುಣವನ್ನೂ ಅರಿಯುವುದು ಅವಶ್ಯವಾಗಿದೆ.

ಸಂಸ್ಕೃತದಲ್ಲಿ ‘ಸುಧಾ’ ಎಂಬ ಶಬ್ದಕ್ಕೆ ಅಮೃತವೆಂಬ ಅರ್ಥವಿರುವಂತೆಯೇ ಸುಣ್ಣವೆಂಬ ಅರ್ಥವೂ ಉಂಟು. ಸುಧೆಯಿಂದ ಲೇಪಿತವಾದುದು ‘ಸೌಧ’. ಅರಮನೆಗೂ ಉನ್ನತ ಭವನಗಳಿಗೂ ಸಲ್ಲುವ ಈ ಹೆಸರು 1956ರಲ್ಲಿ ಬೆಂಗಳೂರಿನಲ್ಲಿ ಪೂರ್ಣಗೊಂಡ ವಿಧಾನಸೌಧದವರೆಗೂ ನಡೆದುಬಂದಿದೆ. ಕಣಶಿಲೆಯ ಆ ಭವ್ಯ ಕಟ್ಟಡವೂ ತನ್ನ ಹೆಸರಿನಲ್ಲಿ ಸುಣ್ಣವನ್ನೇ ಹೊತ್ತು ನಿಂತಿದೆ. ಉತ್ತರ ಕನ್ನಡ ಜಿಲ್ಲೆಯ ಎರಡು ಪ್ರಾಚೀನ ಜೈನ ನೆಲೆಗಳ ಹೆಸರುಗಳೂ ಇಲ್ಲಿ ನೆನಪಾಗುತ್ತವೆ. ಶಿರಸಿ ತಾಲೂಕಿನ ಸೋಂದೆಗೆ ‘ಸುಧಾಪುರ’ವೆಂದೂ ಸಿದ್ದಾಪುರ ತಾಲೂಕಿನ ಬಿಳಿಗಿಗೆ ‘ಶ್ವೇತಪುರ’ವೆಂದೂ ಹಿಂದಿನವರು ಹೆಸರಿಟ್ಟಿದ್ದರು. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ ಭಟ್ಟಾಕಳಂಕದೇವರು ಈ ಸೀಮೆಯ ಗುರುಪರಂಪರೆಗೆ ಸೇರಿದವರೆಂಬುದು ಸಮಾಜಬಾಂಧವರಿಗೆ ಅಭಿಮಾನದ ಸಂಗತಿ. ಈ ಊರುಗಳ ಹೆಸರು ಸುಣ್ಣದಿಂದಲೇ ಬಂದಿರಬೇಕೆಂಬ ನಿಯಮವಿಲ್ಲ. ಆದರೆ ಹಸಿರು ಕಾಡಿನ ನಡುವೆ ಸುಧಾಧವಳವಾದ ಗೋಡೆಯು ನೋಡುವವರ ಕಣ್ಣಿಗೆ ಊರಿನ ಗುರುತಾಗಿ ತೋರುತ್ತಿದ್ದುದು ಸಹಜವೇ ಸರಿ.

ನದಿಯ ಮೇಲೆ ಕಲ್ಲು, ನದಿಯ ಕೆಳಗೆ ಸುಣ್ಣ

ಸಿದ್ದಾಪುರ ತಾಲೂಕಿನ ದೊಡ್ಮನೆಯು ಘಟ್ಟದ ನೆತ್ತಿಯ ಸೀಮೆಗೆ ಸೇರಿದ ಊರು. ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದ ರಾಮಕೃಷ್ಣ ಹೆಗಡೆಯವರ ಜನ್ಮಸ್ಥಳವೆಂದು ಅದು ನಾಡಿಗೆಲ್ಲ ಪರಿಚಿತ. ಸಿದ್ದಾಪುರದಿಂದ ಕುಮಟೆಗೆ ಇಳಿಯುವ ದಾರಿ ಈ ಊರನ್ನು ಹಾದು ಹೋಗುತ್ತದೆ. ಶಿರಸಿಯ ಬಳಿ ಹುಟ್ಟುವ ಅಘನಾಶಿನಿ ನದಿಯು ಸಿದ್ದಾಪುರ ತಾಲೂಕಿನ ಕಾಡುಗಳ ನಡುವೆ ಹರಿದು, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಮಿರ್ಜಾನ ಕೋಟೆಯ ಸಮೀಪದಲ್ಲಿ ಹಾದು, ತದಡಿಯ ಬಳಿ ಸಮುದ್ರವನ್ನು ಸೇರುತ್ತದೆ. ಉಂಚಳ್ಳಿ ಜಲಪಾತಕ್ಕೆ ಆಂಗ್ಲರು ಇಟ್ಟ ಲುಷಿಂಗ್ಟನ್ ಎಂಬ ಹೆಸರು, 1845ರಲ್ಲಿ ಅದನ್ನು ಕಂಡು ವರದಿಮಾಡಿದ ಜಿಲ್ಲಾಧಿಕಾರಿಯದು.

ಕಟ್ಟಡಕಲೆಯ ದೃಷ್ಟಿಯಿಂದ ಈ ಒಂದೇ ನದಿಯ ಎರಡು ತುದಿಗಳಲ್ಲಿ ಎರಡು ಸಂಪತ್ತುಗಳಿವೆ. ಮೇಲೆ ಚಿರೆಕಲ್ಲು, ಕೆಳಗೆ ಚಿಪ್ಪು. ನೆಲದಲ್ಲಿರುವಾಗ ಕೊಡಲಿಯಂಥ ಆಯುಧದಿಂದ ಕಡಿದು ತೆಗೆಯುವಷ್ಟು ಮೆತ್ತಗಿದ್ದು, ಗಾಳಿಬಿಸಿಲಿಗೆ ಒಡ್ಡಿದೊಡನೆ ಗಟ್ಟಿಯಾಗುವ ಈ ಚಿರೆಕಲ್ಲಿಗೆ ‘ಲ್ಯಾಟರೈಟ್’ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. 1801ರಲ್ಲಿ ಸೋಂದೆ, ಶಿರಸಿ, ಬನವಾಸಿಗಳ ಮೂಲಕ ಸಂಚರಿಸಿದ್ದ ಈತನ ಪ್ರವಾಸಗ್ರಂಥ 1807ರಲ್ಲಿ ಪ್ರಕಟವಾಯಿತು. ಮಲಬಾರಿನಲ್ಲಿ ಕಂಡ ಕಲ್ಲನ್ನು ವರ್ಣಿಸುತ್ತ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಆತ ಈ ಹೆಸರನ್ನು ರೂಪಿಸಿದನು.

ಘಟ್ಟದ ಮೇಲೆ ಕಲ್ಲಿಗೆ ಬರವಿಲ್ಲ; ಸುಣ್ಣಕ್ಕೆ ಬರ. ಶಿರಸಿ-ಕುಮಟೆಗಳ ನಡುವಣ ಯಾಣದ ಕರಿಬಂಡೆಗಳು ಸುಣ್ಣಶಿಲೆಯ ಜಾತಿಗೆ ಸೇರಿದವಾದರೂ ಅದು ಪುಣ್ಯಕ್ಷೇತ್ರ. ಆದರೆ ಅಘನಾಶಿನಿಯ ಅಳಿವೆಯಲ್ಲಿ ಚಿಪ್ಪಿಕಲ್ಲು, ಬಳಚುಗಳ ಚಿಪ್ಪು ಪದರಪದರವಾಗಿ ಹೂತುಕೊಂಡಿದೆ. ಕರಾವಳಿಯಲ್ಲಿ ಇಂಥ ಚಿಪ್ಪನ್ನು ಗೂಡುಗಳಲ್ಲಿ ಸುಟ್ಟು ಸುಣ್ಣ ತೆಗೆಯುವುದು ಪರಂಪರಾಗತ ಉದ್ಯೋಗ. ಘಟ್ಟದ ಮೇಲಿನ ಮೆಣಸು, ಅಡಿಕೆಗಳು ಕೆಳಗಿಳಿದಂತೆ ಕೆಳಗಿನ ಉಪ್ಪು, ಸುಣ್ಣಗಳು ಮೇಲೇರಿದವು. ಇಲ್ಲಿನ ಗೃಹಸ್ಥರಿಗೆ ಸುಣ್ಣವು ಕವಳದ ಹರಿವಾಣದಲ್ಲಿಯೂ ಅಡಿಕೆಯ ತೋಟದಲ್ಲಿಯೂ ನಿತ್ಯಪರಿಚಿತ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವೆಂದರೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ತೋಟವನ್ನು ಕಾಯುವ ಆ ಸುಣ್ಣವೇ ಗೋಡೆಯನ್ನೂ ಕಾಯುತ್ತಿತ್ತು.

ಚರಿತ್ರೆಯ ಸಾಕ್ಷ್ಯ

ಶಿರಸಿ ತಾಲೂಕಿನ ಬನವಾಸಿಯಲ್ಲಿ ನಡೆದ ಉತ್ಖನನಗಳು ಶಾತವಾಹನರ ಕಾಲದಷ್ಟು ಹಿಂದೆಯೇ ಇಲ್ಲಿ ಇಟ್ಟಿಗೆಯ ಕಟ್ಟಡಗಳಿದ್ದುದನ್ನು ತೋರಿಸಿಕೊಟ್ಟಿವೆ. ಮುಂದೆ ಶಿಲಾದೇಗುಲಗಳ ಯುಗದಲ್ಲಿ ಗಾರೆಯ ಪಾತ್ರ ಬದಲಾಯಿತು. ಚೆನ್ನಾಗಿ ಕಂಡರಿಸಿದ ದೊಡ್ಡ ಕಲ್ಲುಗಳನ್ನು ಶಿಲ್ಪಿಗಳು ಗಾರೆಯಿಲ್ಲದೆ, ಭಾರದಿಂದಲೇ ನಿಲ್ಲುವಂತೆ ಜೋಡಿಸುತ್ತಿದ್ದರು. ಆದುದರಿಂದ ಹಳೆಯ ಬಸದಿಗಳೆಲ್ಲ ಸುಣ್ಣದಿಂದಲೇ ನಿಂತಿವೆಯೆಂದು ಹೇಳುವುದು ಅತ್ಯುಕ್ತಿಯಾದೀತು. ಸುಣ್ಣಕ್ಕೆ ಅಲ್ಲಿ ಬೇರೆಯ ಕೆಲಸಗಳಿದ್ದವು: ಮೇಲ್ಛಾವಣಿಯ ಹಾಸುಗಲ್ಲುಗಳ ಸಂದುಗಳನ್ನು ಮುಚ್ಚುವುದು, ಛಾವಣಿಯ ಮೇಲೆ ಇಟ್ಟಿಗೆಚೂರಿನ ಗಚ್ಚನ್ನು ಹಾಸಿ ನೀರು ಇಳಿಯದಂತೆ ಮಾಡುವುದು, ಇಟ್ಟಿಗೆಯ ಶಿಖರಗಳನ್ನು ಕಟ್ಟಿ ಗಾರೆಯ ಶಿಲ್ಪದಿಂದ ಅಲಂಕರಿಸುವುದು, ಪ್ರಾಕಾರದ ಗೋಡೆಗಳನ್ನು ಬೆಸೆಯುವುದು.

ವಿಜಯನಗರದ ಕಾಲದಲ್ಲಿ ಈ ವಿದ್ಯೆ ಉತ್ಕರ್ಷವನ್ನು ಪಡೆಯಿತು. ಹಂಪೆಯ ಗೋಪುರಗಳಲ್ಲಿ ಕೆಳಗಿನ ಅಧಿಷ್ಠಾನ, ಭಿತ್ತಿಗಳು ಕಲ್ಲಿನವು. ಮೇಲಿನ ಅಂತಸ್ತುಗಳು ಇಟ್ಟಿಗೆ ಮತ್ತು ಸುಣ್ಣದವು. ಬಿಜಾಪುರದ ಗೋಳಗುಮ್ಮಟವು ಸುಣ್ಣದ ಗಾರೆಯ ಶಕ್ತಿಗೆ ಕರ್ನಾಟಕದಲ್ಲಿಯೇ ದೊರೆಯುವ ಮಹಾನಿದರ್ಶನ. 17ನೆಯ ಶತಮಾನದ ನಡುವಿನಲ್ಲಿ ಎದ್ದುನಿಂತ, ಸುಮಾರು 124 ಅಡಿ ಒಳವ್ಯಾಸದ ಆ ಗುಮ್ಮಟವು ಒಳಗೆ ಒಂದು ಕಂಬದ ಆಸರೆಯೂ ಇಲ್ಲದೆ, ಇಟ್ಟಿಗೆ ಮತ್ತು ಸುಣ್ಣದ ಗಾರೆಗಳ ಬೆಸುಗೆಯಿಂದ ಇಂದಿಗೂ ನಿಂತಿದೆ. ಅದೇ ಶತಮಾನಗಳಲ್ಲಿ ಪಶ್ಚಿಮ ಘಟ್ಟದ ಎರಡೂ ಮಗ್ಗುಲಲ್ಲಿ ಜೈನ ಅರಸುಮನೆತನಗಳು ಪ್ರಬಲವಾಗಿದ್ದವು. ಬಿಳಿಗಿಯ ರತ್ನತ್ರಯ ಬಸದಿ, ಗೇರುಸೊಪ್ಪೆಯ ಚತುರ್ಮುಖ ಬಸದಿ, ಭಟ್ಕಳದ ಚಂದ್ರನಾಥೇಶ್ವರ ಬಸದಿ ಇವುಗಳು ಆ ವೈಭವದ ಉಳಿದ ಸಾಕ್ಷಿಗಳು. ಇವುಗಳ ನಿರ್ಮಾಪಕರು ಎದುರಿಸಿದ ಮುಖ್ಯ ಶತ್ರು ಮಳೆ. ವರ್ಷಕ್ಕೆ ನೂರು ಅಂಗುಲದಷ್ಟು ಮಳೆ ನಾಲ್ಕೇ ತಿಂಗಳಲ್ಲಿ ಸುರಿಯುವ ನಾಡಿನಲ್ಲಿ ನೀರನ್ನು ಹೊರಹಾಕುವ ಜಾಣ್ಮೆಯೇ ವಾಸ್ತುವಿದ್ಯೆಯ ತಿರುಳು. ಇಳಿಜಾರಾದ ಕಲ್ಲುಹಾಸಿನ ಮಾಡು ಒಂದು ಉಪಾಯವಾದರೆ ಸುಣ್ಣದ ಬಳಕೆ ಇನ್ನೊಂದು.

ಈ ಪರಂಪರೆ ಪುರಾತನ ಕಾಲಕ್ಕಷ್ಟೇ ಸೀಮಿತವಾಗಿರಲಿಲ್ಲ. 1911ರಲ್ಲಿ ಆರಂಭವಾಗಿ ಎರಡು ದಶಕಗಳ ಕಾಲ ನಡೆದ ಕೃಷ್ಣರಾಜಸಾಗರದ ಅಣೆಕಟ್ಟಿನ ನಿರ್ಮಾಣದಲ್ಲಿ ಬಳಸಿದುದು ಸುಣ್ಣ ಮತ್ತು ಸುರ್ಕಿಯ ಗಾರೆಯನ್ನು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನೊಂದಿಗೆ ಅಮರವಾದ ಆ ಕಟ್ಟೆಯು ಕಾವೇರಿಯ ಜಲರಾಶಿಯನ್ನು ಇಂದಿಗೂ ತಡೆದು ನಿಲ್ಲಿಸಿದೆ.

ಗಾರೆಯ ಪಾಕ

ಸುಣ್ಣದ ಕಥೆ ಒಂದು ಚಕ್ರದಂತೆ. ಸುಣ್ಣಕಲ್ಲನ್ನಾಗಲಿ ಚಿಪ್ಪನ್ನಾಗಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲಾಮ್ಲ ಅನಿಲ ಹೊರಟುಹೋಗುತ್ತದೆ. ಶುದ್ಧವಾದ 100 ಕಿಲೋ ಕಲ್ಲಿನಿಂದ 44 ಕಿಲೋ ಅನಿಲ ಹೋಗಿ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರೆರೆದಾಗ ಕುದಿದು, ಉಬ್ಬಿ, ಅರಳಿ, 18 ಕಿಲೋ ನೀರನ್ನು ಹೀರಿ 74 ಕಿಲೋ ಅರಳಿದ ಸುಣ್ಣವಾಗುತ್ತದೆ. ಮರಳಿನೊಡನೆ ಬೆರೆತು ಗೋಡೆಯನ್ನು ಸೇರಿದ ಮೇಲೆ ಇದೇ ಸುಣ್ಣವು ತಾನು ಬಿಟ್ಟುಕೊಟ್ಟ ಅನಿಲವನ್ನು ಗಾಳಿಯಿಂದ ಮೆಲ್ಲಮೆಲ್ಲನೆ ಮರಳಿ ಪಡೆದು ಮತ್ತೆ ಕಲ್ಲಾಗುತ್ತದೆ. ಹೀಗೆ ಕಲ್ಲು ಪುಡಿಯಾಗಿ, ಪುಡಿ ಬೆಣ್ಣೆಯಾಗಿ, ಬೆಣ್ಣೆ ಪುನಃ ಕಲ್ಲಾಗುವ ಈ ಪರಿವರ್ತನೆ ದಪ್ಪ ಗೋಡೆಗಳ ಒಳಗೆ ವರ್ಷಾನುವರ್ಷ ನಡೆಯುತ್ತದೆ.

ಶುದ್ಧ ಸುಣ್ಣವು ಗಟ್ಟಿಯಾಗಲು ಗಾಳಿ ಬೇಕು. ಒದ್ದೆಯ ಜಾಗದಲ್ಲಿಯೂ ಗಟ್ಟಿಯಾಗಬೇಕಾದರೆ ಇಟ್ಟಿಗೆಯ ಪುಡಿಯಾದ ಸುರ್ಕಿಯನ್ನು ಬೆರೆಸುತ್ತಾರೆ. ಹದವಾಗಿ ಸುಟ್ಟ ಜೇಡಿಮಣ್ಣಿನ ಈ ಪುಡಿಯು ಸುಣ್ಣದೊಡನೆ ಸಂಯೋಗಗೊಂಡು ನೀರಿನಲ್ಲಿಯೂ ಬಿಡದ ಬಂಧವನ್ನು ಕೊಡುತ್ತದೆ. ಕೆರೆಯ ತೂಬು, ಬಾವಿಯ ಕಟ್ಟೆ, ಛಾವಣಿಯ ಗಚ್ಚುಗಳಲ್ಲಿ ಸುರ್ಕಿಗೆ ಅಗ್ರಸ್ಥಾನ ದೊರೆತುದು ಈ ಕಾರಣದಿಂದಲೇ. ಸಾಮಾನ್ಯವಾಗಿ ಒಂದು ಭಾಗ ಸುಣ್ಣಕ್ಕೆ ಎರಡರಿಂದ ಮೂರು ಭಾಗ ಮರಳು, ಅಥವಾ ಮರಳು ಮತ್ತು ಸುರ್ಕಿಗಳ ಮಿಶ್ರಣವನ್ನು ಕೂಡಿಸಿ, ವೃತ್ತಾಕಾರದ ಗಾರೆಯ ಗಾಣದಲ್ಲಿ ಎತ್ತುಗಳಿಂದ ಕಲ್ಲಿನ ಚಕ್ರವನ್ನು ಉರುಳಿಸಿ ನುಣ್ಣಗೆ ಅರೆಯುತ್ತಿದ್ದರು. ಹಳೆಯ ದೇವಾಲಯಗಳ ಹಿತ್ತಲಲ್ಲಿ ಇಂದಿಗೂ ಅಲ್ಲಲ್ಲಿ ಬಿದ್ದಿರುವ ಕಲ್ಲುಚಕ್ರಗಳು ಈ ಗಾಣಗಳ ಅವಶೇಷ. ಬೆಲ್ಲದ ನೀರು, ಅಳಲೆಕಾಯಿಯನ್ನು ನೆನೆಹಾಕಿದ ನೀರು ಮುಂತಾದವನ್ನು ಹದಕ್ಕೆ ಸೇರಿಸುವುದೂ ರೂಢಿಯಲ್ಲಿತ್ತು. ಬೆಲ್ಲವು ಗಾರೆಯನ್ನು ಬೇಗನೆ ಬಿಗಿಯಗೊಡದೆ ಕರಣೆಗೆ ಒಗ್ಗಿಸುತ್ತದೆ. ಘಟ್ಟದ ಕಾಡಿನ ಉತ್ಪನ್ನವಾದ ಅಳಲೆಯ ಒಗರು ಗಾರೆಯ ಹದವನ್ನು ಕಾಯುತ್ತದೆ.

ಮೃದುತ್ವವೇ ಗುಣ

ಸುಣ್ಣದ ಗಾರೆಯು ಸಿಮೆಂಟಿನ ಗಾರೆಗಿಂತ ದುರ್ಬಲವೆಂಬುದು ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪ. ಮಾತು ನಿಜ, ಆದರೆ ಅದರಿಂದ ತೆಗೆಯುವ ತೀರ್ಮಾನ ಸರಿಯಲ್ಲ. ಕಟ್ಟಡಕ್ಕೆ ಯೋಗ್ಯವಾದ ಚಿರೆಕಲ್ಲು ಚದರ ಸೆಂಟಿಮೀಟರಿಗೆ ಕನಿಷ್ಠ 35 ಕಿಲೋಗ್ರಾಂ ಒತ್ತಡವನ್ನು ತಾಳಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಒಂದಕ್ಕೆ ಮೂರು ಪ್ರಮಾಣದ ಸಿಮೆಂಟು ಗಾರೆಯು ನೂರು ಕಿಲೋಗ್ರಾಮಿನಷ್ಟನ್ನು ತಾಳುತ್ತದೆ. ಸುಣ್ಣದ ಗಾರೆಯು ಅದರ ಅಲ್ಪಾಂಶವನ್ನು ಮಾತ್ರ. ಹಾಗೆಂದ ಮೇಲೆ ಚಿರೆಕಲ್ಲಿನ ಗೋಡೆಗೆ ಹೊಂದುವ ಸಂಗಾತಿ ಯಾವುದು?

ಗೋಡೆಯು ನಿಶ್ಚಲವಾಗಿ ಕಂಡರೂ ಬಿಸಿಲಿಗೆ ಹಿಗ್ಗುತ್ತದೆ, ಮಳೆಗೆ ನೆನೆಯುತ್ತದೆ, ತಳಹದಿಯ ನೆಲದೊಡನೆ ತುಸುತುಸುವೇ ಕುಸಿಯುತ್ತದೆ. ಗಾರೆ ಕಲ್ಲಿಗಿಂತ ಮೃದುವಾಗಿದ್ದರೆ ಈ ಚಲನೆಯನ್ನೆಲ್ಲ ಸಂದುಗಳು ಸಹಿಸಿಕೊಳ್ಳುತ್ತವೆ. ಬಿರುಕು ಬಿಟ್ಟರೂ ಅದು ಗಾರೆಯಲ್ಲಿ ಸಣ್ಣದಾಗಿ ಹರಡುತ್ತದೆ. ಆ ಸಣ್ಣ ಬಿರುಕಿನಲ್ಲಿ ನೀರು ಸುಳಿದಾಗ ಕರಗಿದ ಸುಣ್ಣವು ಅಲ್ಲಿಯೇ ಹರಳುಗಟ್ಟಿ ಬಿರುಕನ್ನು ತಾನೇ ತುಂಬುವುದುಂಟು. ಗಾರೆ ಕಲ್ಲಿಗಿಂತ ಗಡಸಾಗಿದ್ದರೆ ಬಿರುಕು ಕಲ್ಲನ್ನೇ ಸೀಳುತ್ತದೆ. ಗಾರೆಯನ್ನು ಹತ್ತು ಸಲ ಬದಲಿಸಬಹುದು. ಶಾಸನವನ್ನು ಹೊತ್ತ ಕಲ್ಲನ್ನು ಬದಲಿಸಲಾಗದು.

ಎರಡನೆಯ ಗುಣ ಉಸಿರಾಟ. ಚಿರೆಕಲ್ಲು ರಂಧ್ರಮಯ, ಆಷಾಢ ಶ್ರಾವಣಗಳಲ್ಲಿ ನೀರನ್ನು ಹೀರದೆ ಇರದು. ಸುಣ್ಣದ ಸಂದು ಮತ್ತು ಸುಣ್ಣದ ಗಿಲಾವು ಈ ತೇವವನ್ನು ಬೇಸಿಗೆಯಲ್ಲಿ ಹೊರಬಿಡುತ್ತವೆ. ಸಿಮೆಂಟಿನ ಗಿಲಾವು ಮುಚ್ಚಿದರೆ ಒಳಹೊಕ್ಕ ನೀರಿಗೆ ದಾರಿಯಿಲ್ಲ. ಅದು ಮೇಲೇರಿ, ಲವಣಗಳನ್ನು ಹೊತ್ತು ತಂದು, ಕಲ್ಲಿನ ಮೈಯನ್ನೇ ಪುಡಿಪುಡಿಯಾಗಿ ಉದುರಿಸುತ್ತದೆ. ಸಿಮೆಂಟಿನಲ್ಲಿರುವ ಕ್ಷಾರಲವಣಗಳು ಈ ಹಾನಿಗೆ ತಮ್ಮ ಪಾಲನ್ನೂ ಸೇರಿಸುತ್ತವೆ. ಎಣ್ಣೆಬಣ್ಣಗಳಿಂದ ಒಳಗೋಡೆಗೆ ಆಗುವುದೂ ಇದೇ ಉಪದ್ರವ. ಹಬ್ಬಕ್ಕೊಮ್ಮೆ ಸುಣ್ಣ ಬಳಿಯುವ ಹಿರಿಯರ ಪದ್ಧತಿಯಲ್ಲಿ ಶೋಭೆಯೂ ಇತ್ತು, ಗೋಡೆಯ ರಕ್ಷಣೆಯೂ ಇತ್ತು.

ಮೂರನೆಯದು ಪುನರುಪಯೋಗ. ಸುಣ್ಣದಲ್ಲಿ ಕಟ್ಟಿದ ಗೋಡೆಯನ್ನು ಬಿಚ್ಚಿದರೆ ಕಲ್ಲುಗಳು ಇಡಿಯಾಗಿ ದೊರೆತು ಮತ್ತೊಂದು ಗೋಡೆಗೆ ಬರುತ್ತವೆ. ಸಿಮೆಂಟಿನ ಗೋಡೆಯನ್ನು ಬಿಚ್ಚುವುದೆಂದರೆ ಒಡೆಯುವುದೇ. ನಾಲ್ಕನೆಯದು ಮಿತವ್ಯಯ. ಸಿಮೆಂಟಿನ ಗಟ್ಟಿಗೆ ಸುಮಾರು 1450 ಡಿಗ್ರಿ ಉಷ್ಣ ಬೇಕಾದರೆ ಸುಣ್ಣಕ್ಕೆ 900 ಸಾಕು. ಮೇಲಾಗಿ ಸುಡುವಾಗ ಕಲ್ಲಿನಿಂದ ಹೊರಟ ಅನಿಲದ ಬಹುಭಾಗವನ್ನು ಗೋಡೆಯು ಮರಳಿ ಹೀರುತ್ತದೆ.

ಸಿಮೆಂಟಿನ ಆಗಮನ

1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬಾತನು ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದನು. ಭಾರತದಲ್ಲಿ 1914ರಲ್ಲಿ ಪೋರಬಂದರಿನ ಕಾರ್ಖಾನೆ ಉತ್ಪಾದನೆಯನ್ನು ಆರಂಭಿಸಿತು. 1930ರ ದಶಕದ ಕೊನೆಗೆ ಭದ್ರಾವತಿಯಲ್ಲಿಯೂ ಸಿಮೆಂಟು ತಯಾರಾಗತೊಡಗಿತು. ಸ್ವಾತಂತ್ರ್ಯಾನಂತರ ರಸ್ತೆ, ಲಾರಿಗಳ ಸೌಕರ್ಯದೊಡನೆ ಘಟ್ಟದ ಹಳ್ಳಿಹಳ್ಳಿಗೂ ಅದು ತಲುಪಿತು. ಸಿಮೆಂಟಿನ ಉಪಯೋಗವನ್ನು ಅಲ್ಲಗಳೆಯುವಂತಿಲ್ಲ. ಕಬ್ಬಿಣದ ಸರಳಿನ ತೊಲೆ, ಸೇತುವೆ, ಎತ್ತರದ ಹೊಸ ಕಟ್ಟಡಗಳಿಗೆ ಅದು ಅನಿವಾರ್ಯ. ಒಂದೆರಡು ದಿನಗಳಲ್ಲಿ ಗಟ್ಟಿಯಾಗುವ ಅದರ ವೇಗಕ್ಕೆ ಸುಣ್ಣ ಸಾಟಿಯಲ್ಲ. ಸುಣ್ಣಕ್ಕೆ ತಾಳ್ಮೆ ಬೇಕು: ವಾರಗಟ್ಟಲೆ ಗುಂಡಿಯಲ್ಲಿ ನೆನೆಯಬೇಕು, ಅರೆಯಬೇಕು, ತೆಳುಪದರಗಳಾಗಿ ಹಚ್ಚಬೇಕು, ಒಮ್ಮೆಲೇ ಒಣಗದಂತೆ ಒದ್ದೆಗೋಣಿಯಿಂದ ಕಾಯಬೇಕು. ಜಡಿಮಳೆಯಲ್ಲಿ ಈ ಕೆಲಸ ನಡೆಯದು. ಸುಟ್ಟ ಸುಣ್ಣವು ಕಣ್ಣಿಗೂ ಚರ್ಮಕ್ಕೂ ಅಪಾಯಕಾರಿಯಾದುದರಿಂದ ಎಚ್ಚರವೂ ಬೇಕು. ಕಾಲವೇ ಹಣವಾದಾಗ ಇಷ್ಟು ಸಹನೆ ಯಾರಿಗೂ ಇಲ್ಲವಾಯಿತು. ಗೂಡುಗಳು ಆರಿದವು, ಗಾಣಗಳು ನಿಂತವು, ಗಾರೆಯ ಹದವನ್ನು ಬೆರಳಿನಲ್ಲಿ ಅರಿಯುತ್ತಿದ್ದ ಕೆಲಸಗಾರರ ಮಕ್ಕಳು ಬೇರೆ ಉದ್ಯೋಗ ಹಿಡಿದರು. ನಷ್ಟವಾದುದು ಒಂದು ವಸ್ತುವಿನ ಜೊತೆಗೆ ಒಂದು ವಿದ್ಯೆ.

ಜೀರ್ಣೋದ್ಧಾರದಲ್ಲಿ ವಿವೇಕ

ಹೊಸ ಕಟ್ಟಡಕ್ಕೆ ಸಿಮೆಂಟು ಬಳಸುವುದು ಅವರವರ ಆಯ್ಕೆ. ಸುಣ್ಣದಲ್ಲಿ ಕಟ್ಟಿದ ಹಳೆಯ ಬಸದಿಗೆ ಸಿಮೆಂಟಿನ ತೇಪೆ ಹಾಕುವುದು ಮಾತ್ರ ವಿಚಾರಾರ್ಹ. ಸದ್ಭಾವದಿಂದ, ಭಕ್ತರ ಕಾಣಿಕೆಯಿಂದ ನಡೆಯುವ ಕಾರ್ಯವೇ ಸ್ಮಾರಕದ ಆಯುಷ್ಯವನ್ನು ಕಡಿಮೆ ಮಾಡುವಂತಾಗಬಾರದು. ಪ್ರಾಚೀನ ಸ್ಮಾರಕಗಳ ದುರಸ್ತಿಯಲ್ಲಿ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ಸುಣ್ಣದ ಗಾರೆಯನ್ನು ಇಂದಿಗೂ ಬಳಸುತ್ತಿರುವುದು ಗಮನಾರ್ಹ. ಇಂಥ ಕಾರ್ಯಕ್ಕೆ ಕೈಹಾಕುವ ಸಮಿತಿಗಳು ಕೆಲವು ಸಂಗತಿಗಳನ್ನು ನೆನಪಿನಲ್ಲಿಡುವುದು ಒಳಿತು.

ಮೊದಲು ನೀರಿನ ಮೂಲವನ್ನು ಹುಡುಕಬೇಕು. ಸೋರುವ ಮಾಡು, ಮುಚ್ಚಿಹೋದ ಚರಂಡಿ, ಗೋಡೆಯಲ್ಲಿ ಬೇರುಬಿಟ್ಟ ಆಲ-ಅಶ್ವತ್ಥಗಳನ್ನು ಸರಿಪಡಿಸದೆ ಗಿಲಾವು ಹಚ್ಚುವುದು ವ್ಯರ್ಥ. ಹಳೆಯ ಗಾರೆಯ ತುಣುಕನ್ನು ಪರೀಕ್ಷಿಸಿ, ಸುಣ್ಣ, ಮರಳು, ಸುರ್ಕಿಗಳ ಪ್ರಮಾಣವನ್ನು ತಿಳಿದು, ಹೊಸದನ್ನು ಅದಕ್ಕೆ ಹೊಂದಿಸಬೇಕು. ಹೊಸ ಗಾರೆ ಕಲ್ಲಿಗಿಂತ ಎಂದಿಗೂ ಗಡಸಾಗಿರಕೂಡದು. ಕಟ್ಟಡದ ಸುಣ್ಣವನ್ನು ಭಾರತೀಯ ಮಾನಕ 712 ಹಲವು ತರಗತಿಗಳಾಗಿ ವಿಂಗಡಿಸಿದೆ. ಒದ್ದೆಯಲ್ಲಿಯೂ ಬಿಗಿಯುವ ಸುಣ್ಣ ಬೇರೆ, ಗಿಲಾವಿಗೆ ಒಪ್ಪುವ ಕೊಬ್ಬಿದ ಸುಣ್ಣ ಬೇರೆ. ಕೆಲಸವನ್ನು ಮಳೆಗಾಲ ಮುಗಿದ ಮೇಲೆ ಆರಂಭಿಸಿ, ಮುಂದಿನ ಮಳೆಗೆ ಸಾಕಷ್ಟು ಮುಂಚೆಯೇ ಮುಗಿಸಬೇಕು. ಪ್ರತಿಷ್ಠೆಯ ಮುಹೂರ್ತಕ್ಕಾಗಿ ಅವಸರಿಸಿದರೆ ಸುಣ್ಣ ಕ್ಷಮಿಸದು.

ಅಹಿಂಸೆಯ ದೃಷ್ಟಿ

ಜಿನಾಲಯದ ವಿಷಯದಲ್ಲಿ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ದಕ್ಷಿಣದ ಕೆಲವೆಡೆ ನುಣುಪಾದ ಗಚ್ಚಿಗೆ ಕೋಳಿಮೊಟ್ಟೆಯ ಬಿಳಿಯನ್ನು ಬೆರೆಸುವ ಪದ್ಧತಿಯಿತ್ತು. ಬಸದಿಯ ಕೆಲಸದಲ್ಲಿ ಇದು ಸರ್ವಥಾ ವರ್ಜ್ಯವೆಂಬುದರಲ್ಲಿ ಸಂದೇಹವಿಲ್ಲ. ಅದರ ಅಗತ್ಯವೂ ಇಲ್ಲ. ಬೆಲ್ಲ, ಅಳಲೆಕಾಯಿಯಂಥ ಸಸ್ಯಮೂಲದ ದ್ರವ್ಯಗಳಿಂದಲೇ ಉತ್ತಮವಾದ ಗಾರೆ ಸಿದ್ಧವಾಗುತ್ತದೆ. ಕೆಲಸಗಾರರಿಗೆ ಈ ವಿಷಯವನ್ನು ಮೊದಲೇ ಸ್ಪಷ್ಟಪಡಿಸುವುದು ಸಮಿತಿಯ ಕರ್ತವ್ಯ.

ಚಿಪ್ಪಿನ ಸುಣ್ಣದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಅಳಿವೆಯ ಕೆಸರಿನಲ್ಲಿ ಬಹುಕಾಲದಿಂದ ಹೂತಿರುವ ನಿರ್ಜೀವ ಚಿಪ್ಪು ಒಂದು ಬಗೆ. ಸಜೀವ ಬಳಚನ್ನು ತೆಗೆದು ಪಡೆದ ಚಿಪ್ಪು ಮತ್ತೊಂದು ಬಗೆ. ಹೂತ ಚಿಪ್ಪನ್ನು ಅತಿಯಾಗಿ ಅಗೆದರೂ ಅಳಿವೆಯ ಜೀವರಾಶಿಗೆ ಬಾಧೆ ತಪ್ಪದು. ಬಾಗಲಕೋಟೆ ಮೊದಲಾದ ಸೀಮೆಗಳ ಸುಣ್ಣಕಲ್ಲಿನಿಂದ ತಯಾರಾದ ಸುಣ್ಣ ಇಂದು ಎಲ್ಲೆಡೆಗೂ ಸಾಗಿ ಬರುತ್ತದೆ. ಹಿಂದಿನವರಿಗೆ ದಾರಿಯ ದೂರದಿಂದ ಇಲ್ಲದಿದ್ದ ಈ ಆಯ್ಕೆ ಇಂದಿನವರಿಗಿದೆ. ಆದುದರಿಂದ ಸುಣ್ಣದ ಪರಂಪರೆಯನ್ನೂ ಜೀವದಯೆಯ ವ್ರತವನ್ನೂ ಏಕಕಾಲಕ್ಕೆ ಪಾಲಿಸುವುದು ಈಗ ಹಿಂದೆಂದಿಗಿಂತ ಸುಲಭವಾಗಿದೆ.

ಸುಣ್ಣದ ಗಾರೆ ಕಲ್ಲನ್ನು ಜಯಿಸಲು ಹೊರಟುದಲ್ಲ. ಕಲ್ಲಿನ ಭಾರವನ್ನು ಹಂಚಿಕೊಂಡು, ಅದರ ಬಿರುಕನ್ನು ತಾನು ತೆಗೆದುಕೊಂಡು, ತಾನು ಸವೆದು ಕಲ್ಲನ್ನು ಉಳಿಸುವ ಧರ್ಮ ಅದರದು. ಘಟ್ಟದ ನಾಡಿನ ಪೂರ್ವಜರು ಈ ಗುಣವನ್ನು ಅರಿತು ಕಟ್ಟಿದರು. ನಾಲ್ಕಾರು ಶತಮಾನಗಳ ಮಳೆಗಾಲಗಳನ್ನು ದಾಟಿ ಅವರ ಕೃತಿಗಳು ಉಳಿದುಬಂದಿವೆ. ಅವುಗಳನ್ನು ಮುಂದಿನ ಪೀಳಿಗೆಗೆ ಒಪ್ಪಿಸುವ ಹೊಣೆ ಈ ಪೀಳಿಗೆಯದು. ಬಿಂಬಪ್ರತಿಷ್ಠೆಗೆ ಶುಭಮುಹೂರ್ತವನ್ನು ಕಾಯುವ ಸಮಾಜವು ಗೋಡೆಯ ಸುಣ್ಣ ಮಾಗುವವರೆಗೂ ಕಾಯುವ ತಾಳ್ಮೆಯನ್ನು ತೋರಿದರೆ, ಸುಧೆಯು ಸೌಧಕ್ಕೆ ನಿಜವಾಗಿಯೂ ಅಮೃತವಾಗುವುದು.